ಸಿಕಲ್ ಸೆಲ್ ಮಗುವಿನ ಫೈಲು

ನಾನು ನರ್ಸ್. ಮೈಸೂರು ಜಿಲ್ಲೆಯ ಕಾಡಂಚಿನ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸ. ಸುತ್ತಮುತ್ತ ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳಿವೆ, ಅಂದರೆ ಬುಡಕಟ್ಟು ಜನರ ಕೇರಿಗಳು. ಪೋಸ್ಟರಿನಲ್ಲಿ 'ಕುಡುಗೋಲು ಕಣ ರಕ್ತಹೀನತೆ' ಎಂದು ಬರೆದಿರುತ್ತದೆ. ಹಾಡಿಯಲ್ಲಿ ಯಾರೂ ಹಾಗನ್ನುವುದಿಲ್ಲ, ಸಿಕಲ್ ಸೆಲ್ ಅಂತಲೇ ಅನ್ನುತ್ತಾರೆ. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ, ಅಪ್ಪ ಅಮ್ಮನಿಂದ ಬರುವ ಕಾಯಿಲೆ ಇದು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವ ಗುರಿ. 17 ರಾಜ್ಯಗಳಲ್ಲಿ ನಮ್ಮದೂ ಒಂದು. ನಮ್ಮಲ್ಲಿ ಮೊದಲು ಮಾಡುವುದು ಸಾಲ್ಯುಬಿಲಿಟಿ ಪರೀಕ್ಷೆ. ಸಣ್ಣ ಟ್ಯೂಬಿನ ದ್ರಾವಣಕ್ಕೆ ಒಂಚೂರು ರಕ್ತ ಹಾಕಿ, ಕೆಲವು ನಿಮಿಷ ಬಿಟ್ಟು, ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತೇವೆ. ಗೆರೆ ಕಂಡರೆ ಸರಿ. ಮಬ್ಬಾಗಿ ಗೆರೆ ಮುಚ್ಚಿಹೋದರೆ ಸಿಕಲ್ ಇದೆ. ಆದರೆ ಅವರು ಬರೀ ವಾಹಕರೋ (ರೋಗವಿಲ್ಲದೆ ಮಕ್ಕಳಿಗೆ ದಾಟಿಸಬಲ್ಲವರೋ), ರೋಗವೇ ಇದೆಯೋ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಎನ್ನುವ ಲ್ಯಾಬ್ ಪರೀಕ್ಷೆ ಆಗಬೇಕು. ನಿಜ ಹೇಳಬೇಕೆಂದರೆ ಇಲ್ಲಿಯವರೆಗಿನದು ಸುಲಭದ ಕೆಲಸ. ರಿಪೋರ್ಟ್ ಬಂದ ಮೇಲೆ ಮಗುವಿನ ಬೆನ್ನಿಗೆ ನಿಂತು ನೋಡಿಕೊಳ್ಳುವವರು ಯಾರು ಅನ್ನುವುದೇ ತಲೆನೋವು.

ನನ್ನ ಪಾಲಿಗೆ ಬಂದವಳು ಒಂಬತ್ತು ವರ್ಷದ ಹುಡುಗಿ. ರಿಪೋರ್ಟಿನಲ್ಲಿ ಎಸ್‌ಎಸ್, ಅಂದರೆ ರೋಗವೇ. ತೂಕ ಹದಿನೆಂಟು ಕೆ.ಜಿ. ಅಪ್ಪ ಅಮ್ಮ ವರ್ಷದಲ್ಲಿ ಅರ್ಧ ಕೂಲಿಗೆ ಹೊರಗಿರುತ್ತಾರೆ, ನೋಡಿಕೊಳ್ಳುವವಳು ಅಜ್ಜಿ. ಮೊದಲ ಸಲ ಅವರ ಮನೆಗೆ ಹೋದಾಗ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಕೊಂಡು, ಸೂರಿಗೆ ಸಿಕ್ಕಿಸಿದ್ದವು. ಡಿಸ್ಚಾರ್ಜ್ ಶೀಟು ಹೊಗೆ ಹಿಡಿದು ಕಂದಾಗಿತ್ತು.

ನಾನು ಮಾಡಿದ ಮೊದಲ ಕೆಲಸ, ಇಪ್ಪತ್ತು ರೂಪಾಯಿಯ ಒಂದು ಫೈಲು ತಂದದ್ದು.

ಆಮೇಲೆ ಗುಳಿಗೆ. ಡಾಕ್ಟರು ಹೈಡ್ರಾಕ್ಸಿಯೂರಿಯಾ ಬರೆದರು, ನೋವು ಪದೇ ಪದೇ ಬರದಂತೆ ತಡೆಯುವ ಔಷಧಿ. ನಮಗೆ ಸಿಗುವ ಕ್ಯಾಪ್ಸೂಲ್ 500 ಮಿಲಿಗ್ರಾಂನದು. ಅವಳ ತೂಕಕ್ಕೆ ದಿನಾ ಒಂದು ಜಾಸ್ತಿಯಾಗುತ್ತದೆ. ಕ್ಯಾಪ್ಸೂಲ್ ಬಿಚ್ಚಿ ಅರ್ಧ ಮಾಡುವಂತಿಲ್ಲ. ಹಾಗಾಗಿ ವಾರಕ್ಕೆ ಐದು, ಎರಡು ದಿನ ಬಿಡಬೇಕು. ನಾನು ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಅಜ್ಜಿಗೆ ಓದಲು ಬರುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ! ತಿಂಗಳಾದ ಮೇಲೆ ಎಣಿಸಿದರೆ ಅರ್ಧಕ್ಕರ್ಧ ಉಳಿದಿತ್ತು.

"ಯಾವ ದಿನ ಕೊಡದು, ಯಾವ ದಿನ ಬುಡದು ಅಂತ ನಂಗೆ ಹೆಂಗ್ ಗೊತ್ತಾಯ್ತದೆ ನರ್ಸಮ್ಮ?"

ಸಿಟ್ಟು ಬಂದದ್ದು ನನ್ನ ಮೇಲೇ. ಅಲ್ಲೇ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಸಂತೆ ದಿನ ಅಜ್ಜಿ ಮನೆಯಲ್ಲಿ ಇರುವುದಿಲ್ಲ. ಭಾನುವಾರ ಶಾಲೆಗೆ ರಜಾ. "ಸಂತೆ ದಿನ ಬೇಡ, ರಜಾ ದಿನ ಬೇಡ, ಉಳಿದ ದಿನ ಊಟ ಆದ ಮೇಲೆ ಒಂದು, ಅಷ್ಟೇ ಅಜ್ಜಿ" ಎಂದೆ. ಡಾಕ್ಟರಿಗೂ ಹೇಳಿ ಒಪ್ಪಿಗೆ ಪಡೆದೆ. ಆಮೇಲೆ ಲೆಕ್ಕ ತಪ್ಪಲಿಲ್ಲ. ಈ ಔಷಧಿಯಲ್ಲಿ ರಕ್ತದ ಕಣಗಳು ಇಳಿಯಬಹುದು, ಆಗಾಗ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ಮಾಡಿಸಲೇಬೇಕು. ಆ ತಾರೀಕುಗಳನ್ನು ಫೈಲಿನ ಒಳಬದಿಯಲ್ಲಿ ಬರೆದಿಟ್ಟೆ.

ಶಾಲೆಯಲ್ಲಿ ಬೇರೆಯದೇ ಗೋಳು. ಈ ಮಕ್ಕಳು ನೀರು ಜಾಸ್ತಿ ಕುಡಿಯಬೇಕು. ಕುಡಿದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು. ಮೇಷ್ಟ್ರು ಬೈಯುತ್ತಾರೆಂದು ಅವಳು ನೀರನ್ನೇ ಬಿಟ್ಟಿದ್ದಳು. ಮೇಷ್ಟ್ರ ಹತ್ತಿರ ಹತ್ತು ನಿಮಿಷ ಮಾತಾಡಿದೆ. ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ. ಈಗ ಬಾಗಿಲ ಪಕ್ಕದ ಜಾಗ ಅವಳದು, ಕೇಳದೇ ಎದ್ದು ಹೋಗಬಹುದು.

ಒಂದು ರಾತ್ರಿ ಕಾಲುನೋವು ಏರಿ 108ರಲ್ಲಿ ನಗರದ ಒಂದು ಆಸ್ಪತ್ರೆಗೆ ಕರೆದೊಯ್ದರು. ಗಾಯವಿಲ್ಲ, ಜ್ವರವಿಲ್ಲ. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರಂತೆ. ನಾಟಕ ಎಂದೂ ಯಾರೋ ಅಂದರಂತೆ. ಮರುವಾರವೇ ನಮ್ಮ ಡಾಕ್ಟರ ಕೈಲಿ ಒಂದು ಹಾಳೆ ಬರೆಸಿ, ಸೀಲು ಹಾಕಿಸಿ ಫೈಲಿನ ಮೊದಲ ಪುಟಕ್ಕೆ ಹಾಕಿದೆ. ರೋಗ ಎಸ್‌ಎಸ್. ಮಾಮೂಲಿ ಹಿಮೋಗ್ಲೋಬಿನ್ ಎಂಟರ ಆಸುಪಾಸು, ಅಷ್ಟಕ್ಕೇ ರಕ್ತ ಏರಿಸಬೇಡಿ. ನೋವಿಗೆ ತಡಮಾಡದೆ ಔಷಧಿ ಕೊಡಿ. ಜ್ವರ ಅಥವಾ ಎದೆನೋವು ಇದ್ದರೆ ದಾಖಲಿಸಿಕೊಳ್ಳಿ. ಬೇಕೆಂದೇ ಇಂಗ್ಲಿಷಿನಲ್ಲಿ ಬರೆಸಿದೆ. ರಾತ್ರಿ ಪಾಳಿಯಲ್ಲಿರುವ ಹುಡುಗ ಡಾಕ್ಟರಿಗೆ ಅಜ್ಜಿಯ ಮಾತಿಗಿಂತ ಆ ಹಾಳೆ ಬೇಗ ಮುಟ್ಟುತ್ತದೆ. ಬೇಸರದ ವಿಷಯವೇ, ಆದರೆ ಕೆಲಸ ಆಗುತ್ತದೆ.

ಇನ್ನು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವೈಕಲ್ಯಗಳಲ್ಲಿ ಸಿಕಲ್ ಸೆಲ್ ಕೂಡ ಒಂದು. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಕೌಂಟರಿನ ಒಳಗಿರುವವರಿಗೂ. "ಕೈಕಾಲು ನೆಟ್ಟಗಿವೆಯಲ್ಲ" ಎಂದು ಒಬ್ಬರು ವಾಪಸ್ ಕಳಿಸಿದರು. ಎರಡನೇ ಸಲ ಕಾಯ್ದೆಯ ಆ ಪುಟದ ಪ್ರಿಂಟ್ ಹಿಡಿದು ಹೋದೆ. ಆಗ ಆಧಾರ್‌ನಲ್ಲಿ ಒಂದು ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು! ಅಜ್ಜಿಗೆ ಎರಡು ದಿನದ ಕೂಲಿ ಹೋಯಿತು. ಮೊದಲೇ ನೋಡಿಕೊಳ್ಳಬೇಕಿತ್ತು, ತಪ್ಪು ನನ್ನದು. ಈಗ ಯಾರನ್ನೇ ಕರೆದೊಯ್ಯುವ ಮುಂಚೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಜೊತೆ ಕೂತು ಅಕ್ಷರ ಅಕ್ಷರ ತಾಳೆ ನೋಡುತ್ತೇನೆ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೇ ಸೌಲಭ್ಯ. ಹಾಗಾಗಿ ಎಷ್ಟು ಸಲ ದಾಖಲಾದಳು, ಎಷ್ಟು ಬಾಟಲಿ ರಕ್ತ ಹಾಕಿದರು ಅನ್ನುವ ಕಾಗದಗಳೆಲ್ಲ ಬೇಕು. ಹೊಗೆ ಹಿಡಿದ ಆ ಡಿಸ್ಚಾರ್ಜ್ ಶೀಟೂ ಅಲ್ಲಿ ಕೆಲಸಕ್ಕೆ ಬಂತು. ಕಾರ್ಡು ಬಂದಿದೆ. ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿದೆ.

ಡಿಸೆಂಬರ್ ಬಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು. ಹಾಡಿಯೇ ಖಾಲಿಯಾಗುತ್ತದೆ, ಮಕ್ಕಳೂ ಹೊರಡುತ್ತಾರೆ. ಚಳಿಯಲ್ಲಿ ನೋವು ಹೆಚ್ಚು, ಗುಳಿಗೆಯೂ ಅಲ್ಲೇ ತಪ್ಪುವುದು. ಹೋದ ವರ್ಷ ಹೊರಡುವ ಮುಂಚೆ ಸಿಬಿಸಿ ಮಾಡಿಸಿ, ತಿಂಗಳ ಗುಳಿಗೆ ಕೊಡಿಸಿ, ಎಸ್ಟೇಟಿನ ಹತ್ತಿರದ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಫೋನ್ ಮಾಡಿದೆ. ಉಣ್ಣೆ ಟೋಪಿಯನ್ನೂ ಕೊಟ್ಟು ಕಳಿಸಿದ್ದೆ. ಜನವರಿಯಲ್ಲಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಿಂದ ಅಜ್ಜಿ ಫೋನ್ ಮಾಡಿದಳು. ಅಲ್ಲಿ ಸಂತೆ ಬೇರೆ ದಿನ ನಡೆಯುತ್ತದಂತೆ, ಗುಳಿಗೆ ಯಾವತ್ತು ಬಿಡಬೇಕು ಎಂದು ಕೇಳಿದಳು.