ಬಳ್ಳಾರಿಯ ಬಿಸಿಲಿನಲ್ಲೊಂದು ಮನೆ ಸರ್ವರ್: ಒಂದೇ ಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಂಗಳನ್ನು ನಡೆಸುವ ಕ್ರಮ

ನಮ್ಮ ಮನೆಯ ಒಂದೇ ಕಂಪ್ಯೂಟರಿನ ಮೇಲೆ ಮೂವರ ಕಣ್ಣಿತ್ತು. ತಮ್ಮನ ಜೀನ್ಸ್ ಹೊಲಿಗೆ ಘಟಕದ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದುದರಿಂದ ಅವನಿಗೆ ವಿಂಡೋಸ್ ಬೇಕಿತ್ತು. ಅಪ್ಪ ನಿವೃತ್ತರಾಗುವ ಮೊದಲು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ನೂರಾರು ಕಡತಗಳು ಯುನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಫಾಂಟ್‌ಗಳಲ್ಲಿದ್ದವು. ಅವನ್ನು ತಿದ್ದಲು ಅವರಿಗೂ ವಿಂಡೋಸೇ ಅನುಕೂಲ. ನನಗೋ ಮನೆಯ ಫೋಟೊಗಳನ್ನು ಕಾಪಾಡಲು, ಒಂದಿಷ್ಟು ಕಲಿಯಲು ಲಿನಕ್ಸ್ ಬೇಕಿತ್ತು. ಮೊದಲು ಡ್ಯುಯಲ್ ಬೂಟ್, ಅಂದರೆ ಎರಡೂ ಸಿಸ್ಟಂಗಳನ್ನು ಹಾಕಿ ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವ ಏರ್ಪಾಡು, ಮಾಡಿ ನೋಡಿದೆವು. ಆ ಏರ್ಪಾಡಿನಲ್ಲಿ ಒಂದು ಹೊತ್ತಿಗೆ ಒಂದೇ ಸಿಸ್ಟಂ ಎಚ್ಚರವಿರುತ್ತದೆ; ತಮ್ಮ ಜಿಎಸ್‌ಟಿ ಲೆಕ್ಕಕ್ಕೆ ಕುಳಿತರೆ ಉಳಿದವರ ಕೆಲಸ ಅಲ್ಲಿಗೇ ನಿಂತಂತೆ.

ಇದಕ್ಕೆ ಸರಿಯಾದ ದಾರಿ ವರ್ಚುವಲೈಸೇಷನ್. ಯಂತ್ರದ ಮೇಲೆ ನೇರವಾಗಿ ಹೈಪರ್‌ವೈಸರ್ ಎಂಬ ತೆಳುವಾದ ಪದರವೊಂದನ್ನು ಹಾಕಿ, ಅದರ ಮೇಲೆ ವಿಂಡೋಸ್, ಲಿನಕ್ಸ್‌ನ ಬಗೆಗಳಾದ ಡೆಬಿಯನ್, ಉಬುಂಟು ಇತ್ಯಾದಿಗಳನ್ನು ಬೇರೆ ಬೇರೆ ವರ್ಚುವಲ್ ಮಷೀನ್‌ಗಳಾಗಿ, ಅಂದರೆ ತಂತ್ರಾಂಶವೇ ಕಟ್ಟಿಕೊಡುವ ಕಂಪ್ಯೂಟರ್‌ಗಳಾಗಿ, ಏಕಕಾಲಕ್ಕೆ ನಡೆಸುವುದು ಇದರ ತಿರುಳು. ಲಿನಕ್ಸ್‌ನ ಒಳತಿರುಳಾದ ಕರ್ನಲ್‌ಗೆ 2007ರಲ್ಲಿ 2.6.20ನೇ ಆವೃತ್ತಿಯೊಡನೆ ಸೇರಿದ ಕೆವಿಎಂ ಎಂಬ ಭಾಗವೇ ಈ ಕೆಲಸ ಮಾಡುತ್ತದೆ. ಅದನ್ನು ಬ್ರೌಸರ್ ಮೂಲಕ ನಡೆಸಲು ಬರುವಂತೆ ಮಾಡಿರುವ, ಡೆಬಿಯನ್ ತಳಹದಿಯ ಪ್ರಾಕ್ಸ್‌ಮಾಕ್ಸ್ ವಿಇ 2008ರಿಂದ ಲಭ್ಯವಿದ್ದು, ಅದರ ಬಳಕೆಗೆ ಹಣ ಕೊಡಬೇಕಾಗಿಲ್ಲ. ಈ ಬರಹ ಅದನ್ನೇ ಅನುಸರಿಸುತ್ತದೆ.

ಯಂತ್ರ ಕೊಳ್ಳುವ ಮೊದಲು ಪ್ರೊಸೆಸರ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಬೇಕು. ಇಂಟೆಲ್‌ನಲ್ಲಿ ಇದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ. ಕಳೆದ ಹತ್ತು ವರ್ಷಗಳ ಬಹುತೇಕ ಪ್ರೊಸೆಸರ್‌ಗಳಲ್ಲಿ ಇದು ಇರುತ್ತದೆಯಾದರೂ ಯಂತ್ರ ಆನ್ ಆದೊಡನೆ ಮೊದಲು ಓಡುವ ಬಯೋಸ್‌ನ ಸೆಟ್ಟಿಂಗ್‌ನಲ್ಲಿ ಆಫ್ ಆಗಿರುವುದುಂಟು. ಎಎಂಡಿ ಬೋರ್ಡ್‌ಗಳಲ್ಲಿ ಅದು ಎಸ್‌ವಿಎಂ ಮೋಡ್ ಎಂಬ ಹೆಸರಿನಲ್ಲಿ ಅಡಗಿ ಕುಳಿತಿರುತ್ತದೆ. ರ‍್ಯಾಮ್ ವಿಷಯದಲ್ಲಿ ಜಿಪುಣತನ ಬೇಡ. ಪ್ರೊಸೆಸರ್‌ನ ಕೋರ್‌ಗಳನ್ನು ನಾಲ್ಕು ಸಿಸ್ಟಂಗಳು ಸರದಿಯಂತೆ ಹಂಚಿಕೊಂಡು ಬಾಳಬಲ್ಲವು, ರ‍್ಯಾಮ್ ಹಾಗಲ್ಲ. ಒಬ್ಬರು ಹಿಡಿದದ್ದು ಇನ್ನೊಬ್ಬರಿಗೆ ಸುಲಭವಾಗಿ ಸಿಗುವುದಿಲ್ಲ. 16 ಜಿಬಿ ಇರುವ ಯಂತ್ರದಲ್ಲಿ ಪ್ರಾಕ್ಸ್‌ಮಾಕ್ಸ್‌ಗೆ 2, ವಿಂಡೋಸ್‌ಗೆ 6, ಫೋಟೊಗಳ ಡೆಬಿಯನ್‌ಗೆ 4 ಎಂದು ಹಂಚಿದರೆ ಕಂಟೇನರ್ ಎಂಬ, ವರ್ಚುವಲ್ ಮಷೀನ್‌ಗಿಂತ ಹಗುರವಾದ ಸಣ್ಣಪುಟ್ಟ ಲಿನಕ್ಸ್ ಗೂಡುಗಳಿಗೂ ಜಾಗ ಉಳಿಯುತ್ತದೆ.

ಹಳೆಯ ಡೆಸ್ಕ್‌ಟಾಪ್ ಮನೆಯಲ್ಲಿಯೇ ಇದೆಯಲ್ಲ ಎನ್ನುವವರು ಕರೆಂಟ್ ಲೆಕ್ಕವನ್ನೂ ಹಾಕಬೇಕು. ಸರಾಸರಿ 60 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ನಡೆದರೆ 30 ದಿನಕ್ಕೆ 43 ಯೂನಿಟ್ ಆಗುತ್ತದೆ; 15 ವ್ಯಾಟ್‌ನ ಮಿನಿ ಪಿಸಿಗೆ 11 ಯೂನಿಟ್ ಸಾಕು. ಕಡಿಮೆ ವ್ಯಾಟ್ ಎಂದರೆ ಕಡಿಮೆ ಶಾಖವೂ ಹೌದು, ನಮ್ಮ ಕಡೆ ಇದೇ ಮುಖ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಹೊರಗೆ 40 ಡಿಗ್ರಿ ದಾಟುವುದು ಹೊಸತೇನಲ್ಲ, ಮತ್ತು ಬಿಸಿಲಿಗೆ ಕಾದ ಮಾಳಿಗೆ ರಾತ್ರಿ ಹತ್ತಾದರೂ ಆರಿರುವುದಿಲ್ಲ. ನಾನು ಮೊದಲು ಯಂತ್ರವನ್ನು ಕಣ್ಣಿಗೆ ಬೀಳದಿರಲೆಂದು ಗೋಡೆಯ ಸಜ್ಜಾ ಹಲಗೆಯ ಮೇಲೆ, ಮಾಳಿಗೆಗೆ ತೀರ ಹತ್ತಿರದಲ್ಲಿ ಇಟ್ಟು, ಆ ಬೇಸಿಗೆಯಲ್ಲಿ ಅದು ಮೂರು ಸಲ ತಾನಾಗಿ ಆಫ್ ಆದ ಮೇಲೆ ಬುದ್ಧಿ ಕಲಿತೆ. ನೆಲಕ್ಕೆ ಹತ್ತಿರವಾಗಿ, ಆದರೆ ಕಸ ಗುಡಿಸುವಾಗ ಏಳುವ ದೂಳು ತಾಗದಂತೆ ಒಂದೂವರೆ ಅಡಿ ಎತ್ತರದಲ್ಲಿ, ಪಡುವಣದ ಗೋಡೆಯನ್ನು ಬಿಟ್ಟು ಇಡುವುದು ಲೇಸು. ಕೆಂಪು ದೂಳಿನ ಊರಿನಲ್ಲಿ ಹದಿನೈದು ದಿನಕ್ಕೊಮ್ಮೆ ಬ್ಲೋವರ್ ಹಿಡಿಯುವುದನ್ನು ತಪ್ಪಿಸಬಾರದು.

ಈಗ ಅನುಸ್ಥಾಪನೆ. ಪ್ರಾಕ್ಸ್‌ಮಾಕ್ಸ್‌ನ ಐಎಸ್‌ಒ ಕಡತವನ್ನು (ಅನುಸ್ಥಾಪನೆ ಡಿಸ್ಕಿನ ಪ್ರತಿರೂಪ) ಪೆನ್‌ಡ್ರೈವ್‌ಗೆ ಬರೆದು ಅದರಿಂದ ಬೂಟ್ ಮಾಡಿದರೆ ಹತ್ತು ಹದಿನೈದು ನಿಮಿಷದ ಕೆಲಸ. ಆಯ್ದುಕೊಂಡ ಡಿಸ್ಕನ್ನು ಅದು ಪೂರ್ತಿಯಾಗಿ ಅಳಿಸುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ವಿಂಡೋಸ್ ಅದೇ ಡಿಸ್ಕಿನಲ್ಲಿದ್ದರೆ ಟ್ಯಾಲಿಯ ದತ್ತಾಂಶವನ್ನು ಮೊದಲೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಐಪಿ ವಿಳಾಸ ಕೇಳಿದಾಗ ನಿಮ್ಮ ರೌಟರ್ ಬೇರೆಯವರಿಗೆ ಹಂಚದಂಥ ಒಂದು ಸ್ಥಿರ ವಿಳಾಸವನ್ನು ಕೊಡಬೇಕು. ಮುಂದೆ ಇನ್ನೊಂದು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಆ ವಿಳಾಸವನ್ನು 8006ನೇ ಪೋರ್ಟ್‌ನೊಡನೆ ತೆರೆದರೆ, ಪ್ರಮಾಣಪತ್ರದ ಬಗ್ಗೆ ಒಂದು ಎಚ್ಚರಿಕೆ ಬರುತ್ತದೆ; ಪ್ರಮಾಣಪತ್ರವನ್ನು ಯಂತ್ರವೇ ತನಗೆ ತಾನು ಬರೆದುಕೊಂಡಿರುವುದರಿಂದ ಹೀಗಾಗುತ್ತದೆಯೇ ಹೊರತು ಗಾಬರಿಯಾಗುವಂಥದ್ದೇನಿಲ್ಲ. ಒಳಗೆ ಹೋದೊಡನೆ ಅಪ್‌ಡೇಟ್ಸ್ ಅಡಿಯ ರೆಪಾಸಿಟರೀಸ್ ಪುಟದಲ್ಲಿ ಎಂಟರ್‌ಪ್ರೈಸ್ ಎಂದಿರುವವುಗಳನ್ನು ನಿಷ್ಕ್ರಿಯಗೊಳಿಸಿ ನೋ-ಸಬ್‌ಸ್ಕ್ರಿಪ್ಷನ್ ಎಂಬುದನ್ನು ಸೇರಿಸಬೇಕು, ಇಲ್ಲವಾದರೆ ಚಂದಾ ಇಲ್ಲದ ಯಂತ್ರಕ್ಕೆ ಅಪ್‌ಡೇಟ್‌ಗಳು ಬರುವುದಿಲ್ಲ.

ಯಂತ್ರವನ್ನು ರೌಟರ್‌ಗೆ ಲ್ಯಾನ್ ಕೇಬಲ್‌ನಿಂದಲೇ ಜೋಡಿಸಬೇಕು. ಪ್ರಾಕ್ಸ್‌ಮಾಕ್ಸ್ ತನ್ನೊಳಗೆ ವಿಎಂಬಿಆರ್0 ಎಂಬ ಬ್ರಿಡ್ಜ್ (ತಂತ್ರಾಂಶದ ನೆಟ್‌ವರ್ಕ್ ಸ್ವಿಚ್) ಮಾಡಿ, ಪ್ರತಿಯೊಂದು ವರ್ಚುವಲ್ ಮಷೀನ್‌ಗೂ ಅದರದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕೊಟ್ಟು ಹೊರಗೆ ಬಿಡುತ್ತದೆ. ವೈಫೈ ರೌಟರ್‌ಗಳು ಸಾಮಾನ್ಯವಾಗಿ ತಮ್ಮೊಡನೆ ಜೋಡಣೆಯಾದ ಒಂದೇ ಮ್ಯಾಕ್ ವಿಳಾಸದ ಮಾತನ್ನಷ್ಟೇ ಕೇಳುವುದರಿಂದ ವೈಫೈ ಮೇಲೆ ಈ ಏರ್ಪಾಡು ನಡೆಯುವುದಿಲ್ಲ.

ವಿಂಡೋಸ್ ಹಾಕುವಾಗ ಎಲ್ಲರೂ ಎಡವುವ ಜಾಗ ಒಂದಿದೆ, ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸದಾಗಿ ಹಾಕುವವರು ವಿಂಡೋಸ್ 11ನ್ನೇ ಆರಿಸಿಕೊಳ್ಳಬೇಕು. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐ ಮತ್ತು ಗುಪ್ತಕೀಲಿಗಳನ್ನು ಕಾಯುವ ಚಿಪ್ ಆದ ಟಿಪಿಎಂ 2.0 ಬೇಕು; ಈ ಕೊನೆಯ ಎರಡನ್ನೂ ಪ್ರಾಕ್ಸ್‌ಮಾಕ್ಸ್ ವರ್ಚುವಲ್ ರೂಪದಲ್ಲಿ ಒದಗಿಸುತ್ತದೆ. ವರ್ಚುವಲ್ ಮಷೀನ್ ಸೃಷ್ಟಿಸುವಾಗ ಬಯೋಸ್ ಜಾಗದಲ್ಲಿ ಓವಿಎಂಎಫ್ (ವರ್ಚುವಲ್ ಯುಇಎಫ್‌ಐ) ಆರಿಸಿ, ಇಎಫ್‌ಐ ಡಿಸ್ಕ್ ಮತ್ತು ಟಿಪಿಎಂ ಎರಡನ್ನೂ ಸೇರಿಸಿ, ಡಿಸ್ಕ್‌ಗೆ ವರ್ಟ್‌ಐಒ ಸ್ಕಸಿ, ನೆಟ್‌ವರ್ಕ್‌ಗೆ ವರ್ಟ್‌ಐಒ ಎಂದು ಕೊಡಬೇಕು. ವರ್ಟ್‌ಐಒ ಎಂದರೆ ವರ್ಚುವಲ್ ಮಷೀನ್‌ಗಳಿಗೆಂದೇ ಮಾಡಿದ ಸಾಧನಗಳ ಬಗೆ; ವೇಗ ಬರುವುದು ಇದರಿಂದಲೇ. ಆದರೆ ಇದರ ಡ್ರೈವರ್‌ಗಳು ವಿಂಡೋಸ್‌ನಲ್ಲಿ ಇಲ್ಲದಿರುವುದರಿಂದ, ಎಲ್ಲಿ ಸ್ಥಾಪಿಸಬೇಕು ಎಂದು ಕೇಳುವ ಪರದೆಯಲ್ಲಿ ಒಂದು ಡಿಸ್ಕೂ ಕಾಣುವುದಿಲ್ಲ. ಎಷ್ಟೋ ಜನ ಇಲ್ಲಿ ಕೈಚೆಲ್ಲಿ ಹಿಂದಿರುಗುತ್ತಾರೆ. ಮೊದಲೇ ವರ್ಟ್‌ಐಒ ಡ್ರೈವರ್‌ಗಳ ಐಎಸ್‌ಒವನ್ನು ಎರಡನೆಯ ಸಿಡಿ ಡ್ರೈವ್ ಆಗಿ ಜೋಡಿಸಿಟ್ಟಿದ್ದರೆ, ಲೋಡ್ ಡ್ರೈವರ್ ಒತ್ತಿ, ಅದರೊಳಗಿನ ವಿಐಒಸ್ಕಸಿ ಫೋಲ್ಡರ್‌ನಿಂದ ವಿಂಡೋಸ್ 11ರ ಡ್ರೈವರ್ ಆರಿಸಿದೊಡನೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಅದೇ ರೀತಿ ನೆಟ್‌ಕೆವಿಎಂ ಫೋಲ್ಡರ್‌ನ ಡ್ರೈವರನ್ನೂ ಅಲ್ಲಿಯೇ ಹಾಕಿಕೊಂಡರೆ ಮುಂದೆ ಇಂಟರ್ನೆಟ್ ಕೇಳಿದಾಗ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಈ ವಿಂಡೋಸ್‌ಗೆ ಲೈಸೆನ್ಸ್ ಬೇರೆಯದೇ ಬೇಕು. ಹಳೆಯ ಲ್ಯಾಪ್‌ಟಾಪಿನೊಡನೆ ಬಂದ ಓಇಎಂ ಲೈಸೆನ್ಸ್ ಆ ಲ್ಯಾಪ್‌ಟಾಪಿಗೇ ಕಟ್ಟಿಹಾಕಿದ್ದು. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬರುವ ಉದ್ದೇಶವಿದ್ದರೆ ಹೋಮ್ ಆವೃತ್ತಿ ಕೊಂಡು ಪ್ರಯೋಜನವಿಲ್ಲ, ಪ್ರೊ ಬೇಕು.

ಲಿನಕ್ಸ್‌ನದು ಸುಲಭ. ಜಾಹೀರಾತು ತಡೆಯುವ ಪೈ-ಹೋಲ್‌ನಂಥ ಸಣ್ಣ ಸೇವೆಗಳಿಗೆ ವರ್ಚುವಲ್ ಮಷೀನ್ ಬೇಡ, ಪ್ರಾಕ್ಸ್‌ಮಾಕ್ಸ್‌ನದೇ ಕರ್ನಲ್ ಹಂಚಿಕೊಳ್ಳುವ ಕಂಟೇನರ್ ಮತ್ತು 512 ಎಂಬಿ ರ‍್ಯಾಮ್ ಸಾಕು. ಏನೇ ಹೊಸತು ಪ್ರಯೋಗ ಮಾಡುವುದಿದ್ದರೂ ಇವುಗಳೊಳಗೆ ಮಾಡಬೇಕು. ತಳದ ಪ್ರಾಕ್ಸ್‌ಮಾಕ್ಸ್‌ನಲ್ಲಿ ಅದು ಇದು ತುಂಬಿದರೆ, ಅದು ಕೆಟ್ಟ ದಿನ ಮನೆಮಂದಿಯ ಕೆಲಸವೆಲ್ಲ ಒಟ್ಟಿಗೇ ನಿಲ್ಲುತ್ತದೆ.

ಕರೆಂಟ್ ಹೋಗುವುದನ್ನು ಕೊನೆಗೆ ನೋಡಿಕೊಳ್ಳೋಣ ಎನ್ನಬಾರದು. ಮನೆಯ ಇನ್ವರ್ಟರ್ ಇದ್ದರೆ ಅದರ ಹಿಂದಿನ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ಇಡಬೇಕು, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಯಂತ್ರ ರೀಸ್ಟಾರ್ಟ್ ಆಗಬಹುದು. ಇನ್ವರ್ಟರ್ ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದಿಲ್ಲ. ಯುಎಸ್‌ಬಿ ಕೇಬಲ್ ಇರುವ ಚಿಕ್ಕ ಯುಪಿಎಸ್ ಹೇಳಬಲ್ಲದು. ನಟ್ ಎಂಬ ತಂತ್ರಾಂಶ ಆ ಸುದ್ದಿಯನ್ನು ಕೇಳಿ ಯಂತ್ರವನ್ನು ಕ್ರಮವಾಗಿ ಮುಚ್ಚಿಸುತ್ತದೆ. ವರ್ಚುವಲ್ ಮಷೀನ್ ತಾನಾಗಿ ಮುಚ್ಚಲು ಪ್ರಾಕ್ಸ್‌ಮಾಕ್ಸ್ ಮೂಲ ಸೆಟ್ಟಿಂಗ್‌ನಲ್ಲಿ 180 ಸೆಕೆಂಡ್ ಕಾಯುವುದರಿಂದ ಯುಪಿಎಸ್ ಕನಿಷ್ಠ ಹತ್ತು ನಿಮಿಷ ತಾಳುವಂತಿರಲಿ. ವಿಂಡೋಸ್ ಈ ಆಜ್ಞೆಯನ್ನು ತಪ್ಪದೆ ಪಾಲಿಸಲು ಅದರೊಳಗೆ ಪ್ರಾಕ್ಸ್‌ಮಾಕ್ಸ್‌ನ ಮಾತು ಕೇಳುವ ಕ್ಯೂಇಎಂಯು ಗೆಸ್ಟ್ ಏಜೆಂಟ್ ಎಂಬ ಸಣ್ಣ ತಂತ್ರಾಂಶ ಹಾಕಿ, ವರ್ಚುವಲ್ ಮಷೀನ್‌ನ ಆಪ್ಷನ್ಸ್‌ನಲ್ಲಿಯೂ ಅದನ್ನು ಆನ್ ಮಾಡಬೇಕು. ಕರೆಂಟ್ ಬಂದಾಗ ಯಂತ್ರ ತಾನೇ ಏಳುವಂತೆ ಬಯೋಸ್‌ನಲ್ಲಿಯೂ, ಸಿಸ್ಟಂಗಳು ತಾವೇ ಏಳುವಂತೆ ಸ್ಟಾರ್ಟ್ ಅಟ್ ಬೂಟ್‌ನಲ್ಲಿಯೂ ಹೇಳಿಡಬೇಕು.

ಹೊರಗಿನಿಂದ ಬಳಸುವವರು 8006ನೇ ಪೋರ್ಟನ್ನು ರೌಟರ್‌ನಲ್ಲಿ ಎಂದೂ ತೆರೆಯಬಾರದು. ಗುಪ್ತ ಸುರಂಗದಂಥ ಸಂಪರ್ಕ (ವಿಪಿಎನ್) ಕಟ್ಟಿಕೊಡುವ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಮೂಲಕ ಬರುವುದೇ ಕ್ಷೇಮ.

ಇನ್ನು ಬ್ಯಾಕಪ್. ಸಿಸ್ಟಂನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಎಂಬುದು ಬ್ಯಾಕಪ್ ಅಲ್ಲ, ಅದು ಅದೇ ಡಿಸ್ಕಿನಲ್ಲಿರುತ್ತದೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಹಾಗೆಯೇ ಬರೆದಷ್ಟೇ ಜಾಗ ಹಿಡಿಯುವ ಥಿನ್ ಸಂಗ್ರಹದಲ್ಲಿ ಇರುವುದಕ್ಕಿಂತ ಹೆಚ್ಚು ಜಾಗವನ್ನು ಕಾಗದದ ಮೇಲೆ ಹಂಚಲು ಬರುತ್ತದೆಯಾದ್ದರಿಂದ, ಅದು ಭರ್ತಿಯಾದ ದಿನ ಎಲ್ಲ ಸಿಸ್ಟಂಗಳೂ ಬರೆಯಲಾಗದೆ ನಿಲ್ಲುತ್ತವೆ; ವಾರಕ್ಕೊಮ್ಮೆ ಆ ಅಂಕಿಯನ್ನು ನೋಡಬೇಕು. ಡೇಟಾಸೆಂಟರ್ ಅಡಿಯ ಬ್ಯಾಕಪ್ ಪುಟದಲ್ಲಿ ರಾತ್ರಿ ಎರಡಕ್ಕೆ ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ಹೋಗುವಂತೆ ವೇಳೆ ನಿಗದಿಪಡಿಸಿ, ತಿಂಗಳಿಗೊಮ್ಮೆ ಆ ಪ್ರತಿಯನ್ನು ಹೊಸ ಸಂಖ್ಯೆಯ ವರ್ಚುವಲ್ ಮಷೀನ್ ಆಗಿ ಮರಳಿ ತರಬೇಕು. ಮೂಲ ಸಿಸ್ಟಂನೊಡನೆ ವಿಳಾಸ ಘರ್ಷಣೆಯಾಗದಂತೆ ಅದರ ನೆಟ್‌ವರ್ಕ್ ಕಾರ್ಡನ್ನು ಕಳಚಿಯೇ ಆನ್ ಮಾಡಿ, ಲೆಕ್ಕದ ಕಡತವನ್ನೂ ನುಡಿಯ ಒಂದೆರಡು ಹಳೆಯ ಕಡತಗಳನ್ನೂ ತೆರೆದು ನೋಡಿ, ಅವು ಸರಿಯಾಗಿ ತೆರೆದ ಮೇಲೆ ಹೀಗೆ ಮರಳಿ ತಂದ ವರ್ಚುವಲ್ ಮಷೀನನ್ನು ಅಳಿಸಬಹುದು.