ಕೋರ್ ಪೆಟ್ಟಿಗೆಯ ಮುಂದೆ: ಪಾರ್ಫಿರಿ ತಾಮ್ರವನ್ನು ನಾನು ಲಾಗ್ ಮಾಡುವ ಬಗೆ

ಪಾರ್ಫಿರಿ ಎಂಬ ಅಗ್ನಿಶಿಲೆಯ ಜೊತೆ ಬರುವ ತಾಮ್ರದ ನಿಕ್ಷೇಪದಲ್ಲಿ ನೂರು ಕಿಲೋ ಅದಿರಿನಲ್ಲಿ ಇರುವ ತಾಮ್ರ ಸುಮಾರು ಅರ್ಧ ಕಿಲೋ. ಕೆಲವು ಕಡೆ ಒಂದು ಕಿಲೋ ದಾಟುತ್ತದೆ, ಕೆಲವು ಕಡೆ 300 ಗ್ರಾಂ ಇದ್ದರೂ ಗಣಿ ನಡೆಯುತ್ತದೆ. ಆದ್ದರಿಂದ ನೆಲ ಕೊರೆದು ತೆಗೆದ ಕಲ್ಲಿನ ಕೋಲನ್ನು, ಅಂದರೆ ಕೋರನ್ನು, ನೋಡಿ ಆಳವಾರು ದಾಖಲಿಸಲು (ಲಾಗ್ ಮಾಡಲು) ನಿಂತಾಗ ನಾನು ಮೊದಲು ಹುಡುಕುವುದು ತಾಮ್ರವನ್ನಲ್ಲ. ಶಿಲಾಪಾಕ ಗಟ್ಟಿಯಾಗುವಾಗ ಹೊರಬಿದ್ದ ಬಿಸಿ ಉಪ್ಪುನೀರು ಯಾವ ದಾರಿ ಹಿಡಿಯಿತು, ಎಲ್ಲಿ ತಣಿಯಿತು, ಆಮೇಲೆ ಬಂದ ದ್ರವ ಅದರ ಗುರುತನ್ನು ಎಷ್ಟು ಅಳಿಸಿತು ಎಂಬುದನ್ನು ಹುಡುಕುತ್ತೇನೆ. ತಾಮ್ರ ಎಷ್ಟಿದೆ ಎಂದು ಪ್ರಯೋಗಾಲಯ ಹೇಳುತ್ತದೆ. ಮುಂದಿನ ಬೋರ್ ಯಾವ ಕಡೆಗೆ ಎಂಬುದನ್ನು ಲಾಗ್ ಹೇಳಬೇಕು.

ಪೆಟ್ಟಿಗೆಗಳನ್ನು ಆಳದ ಕ್ರಮದಲ್ಲಿ ಸಾಲಾಗಿಟ್ಟು, ಕೋರ್ ತೊಳೆದು, ಮುರಿದ ತುಂಡುಗಳನ್ನು ಒಂದಕ್ಕೊಂದು ಹೊಂದಿಸುತ್ತೇನೆ. ಕೊರೆಯುವವರು ಇಟ್ಟ ಆಳದ ಗುರುತುಗಳ ನಡುವೆ ಟೇಪ್ ಹಿಡಿದು ಅಳೆಯುತ್ತೇನೆ. 3 ಮೀಟರ್ ಕೊರೆದಲ್ಲಿ 2.7 ಮೀಟರ್ ಸಿಕ್ಕಿದ್ದರೆ ವಸೂಲಿ ಶೇ 90. 3.3 ಮೀಟರ್ ಸಿಕ್ಕಿದ್ದರೆ ಗುರುತು ತಪ್ಪಿದೆ, ಅಥವಾ ಹಿಂದಿನ ಸುತ್ತಿನ ತುಂಡು ಕೆಳಗೆ ಉಳಿದು ಈಗ ಮೇಲೆ ಬಂದಿದೆ. ಇದನ್ನು ಇಲ್ಲೇ ಸರಿಪಡಿಸದಿದ್ದರೆ ಆಮೇಲೆ ಬರೆಯುವ ಎಲ್ಲ ಆಳಗಳೂ ಜರುಗುತ್ತವೆ. 10 ಸೆಂಟಿಮೀಟರ್ ಮೀರಿದ ಗಟ್ಟಿ ತುಂಡುಗಳ ಒಟ್ಟು ಉದ್ದ ಕೊರೆದ ಉದ್ದದ ಶೇಕಡ ಎಷ್ಟು ಎಂದು ಬರೆದರೆ ಆರ್‌ಕ್ಯೂಡಿ, ಅಂದರೆ ಕಲ್ಲು ಎಷ್ಟು ಇಡಿಯಾಗಿದೆ ಎಂಬುದರ ಅಳತೆ, ಸಿಗುತ್ತದೆ. ಪೆಟ್ಟಿಗೆಯಲ್ಲಿಡುವಾಗ ಮುರಿದ ಹಸಿ ಮುರಿವುಗಳನ್ನು ಬಿರುಕುಗಳೆಂದು ಎಣಿಸಬಾರದು. ಫೋಟೋ ಎರಡು ಬಾರಿ, ಒಣಗಿದಾಗ ಒಮ್ಮೆ, ಒದ್ದೆ ಮಾಡಿ ಒಮ್ಮೆ. ಮೀಟರಿಗೊಂದರಂತೆ ಕಾಂತಗ್ರಾಹ್ಯತೆಯ (ಕಲ್ಲು ಎಷ್ಟು ಸುಲಭವಾಗಿ ಕಾಂತೀಯವಾಗುತ್ತದೆ ಎಂಬುದರ) ಅಳತೆ. ಈ ಉಪಕರಣಗಳನ್ನು ಸಾಮಾನ್ಯವಾಗಿ ಸಪಾಟಾದ ಕಲ್ಲಿಗೆ ಹೊಂದಿಸಿರುತ್ತಾರೆ; ದುಂಡಗಿನ ಕೋರ್ ಮೇಲೆ ಕಡಿಮೆ ತೋರಿಸುತ್ತವೆ. 63.5 ಮಿಲಿಮೀಟರ್ ವ್ಯಾಸದ, ಎಚ್‌ಕ್ಯೂ ಎಂಬ ಅಳತೆಯ ಕೋರಿಗೂ 47.6 ಮಿಲಿಮೀಟರ್‌ನ ಎನ್‌ಕ್ಯೂ ಕೋರಿಗೂ ತಿದ್ದುಪಡಿ ಬೇರೆ ಬೇರೆ. ಬೋರಿನ ನಡುವೆ ವ್ಯಾಸ ಬದಲಾದ ಕಡೆ ಅಳತೆ ಹಠಾತ್ತನೆ ಬದಲಾದರೆ ಮೊದಲು ಇದನ್ನೇ ಶಂಕಿಸಿ.

ಕೈಯಲ್ಲಿ 10 ಪಟ್ಟು ಹಿಗ್ಗಿಸುವ ಲೆನ್ಸ್, ಉಕ್ಕಿನ ಗೀರುಮೊನೆ, ದಾರಕ್ಕೆ ಕಟ್ಟಿದ ಆಯಸ್ಕಾಂತ, ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ, ಕೋನಮಾಪಕ, ನೀರು ಚಿಮುಕಿಸುವ ಬಾಟಲಿ. ಇಷ್ಟಿದ್ದರೆ ಹತ್ತರಲ್ಲಿ ಒಂಬತ್ತು ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.

ಬರೆಯಲು ಶುರು ಮಾಡುವ ಮುನ್ನ ಬೋರಿನ ತಲೆಯಿಂದ ತಳದವರೆಗೆ ಒಮ್ಮೆ ನಡೆದು ನೋಡುತ್ತೇನೆ. ಆಗ ಪೆನ್ ಮುಟ್ಟುವುದಿಲ್ಲ. ಶಿಲೆ ಬದಲಾದಂತೆ ಕಂಡಲ್ಲಿ ಸೀಮೆಸುಣ್ಣದ ಗೆರೆ ಮಾತ್ರ. ಮೊದಲ ಪೆಟ್ಟಿಗೆಯಿಂದಲೇ ಬರೆಯುತ್ತ ಹೋದರೆ ಮೇಲಿನ 50 ಮೀಟರಿನಲ್ಲಿ ಇಟ್ಟ ಹೆಸರುಗಳಿಗೆ ಕೆಳಗಿನ 500 ಮೀಟರನ್ನು ಒಗ್ಗಿಸುವ ಕೆಲಸವಾಗುತ್ತದೆ.

ಪಾರ್ಫಿರಿ ಎಂದರೆ ನುಣ್ಣನೆಯ ಹಿನ್ನೆಲೆಯಲ್ಲಿ ದೊಡ್ಡ ಹರಳುಗಳು ಕೂತ ಕಲ್ಲು. ಅಂಥದ್ದು ಒಂದೇ ಬಾರಿಗೆ ಒಳನುಗ್ಗಿರುವುದು ಅಪರೂಪ. ಮೂರು, ನಾಲ್ಕು, ಐದು ಸಲ ನುಗ್ಗಿರುತ್ತದೆ. ಮೊದಲು ಬಂದದ್ದರಲ್ಲಿ ಸಾಮಾನ್ಯವಾಗಿ ತಾಮ್ರ ಹೆಚ್ಚು, ಕೊನೆಗೆ ಬಂದದ್ದು ಬಹುಮಟ್ಟಿಗೆ ಬರಿದು. ಎಲ್ಲವೂ ಒಂದೇ ಶಿಲಾಪಾಕದ ಮಕ್ಕಳಾದ್ದರಿಂದ ನೋಡಲು ಒಂದೇ ಥರ ಇರುತ್ತವೆ. ಬೇರ್ಪಡಿಸಲು ನಾನು ನೆಚ್ಚುವುದು ಎರಡು ಕಲ್ಲುಗಳು ಸೇರುವ ಸಂಪರ್ಕರೇಖೆಯನ್ನು. ಬೆಣಚಿನ ಸಿರೆ (ಬಿರುಕಿನಲ್ಲಿ ತುಂಬಿಕೊಂಡ ಖನಿಜದ ಪಟ್ಟಿ) ಆ ರೇಖೆಗೆ ಬಂದು ಕತ್ತರಿಸಿದಂತೆ ನಿಂತಿದೆಯೇ, ದಾಟಿ ಹೋಗಿದೆಯೇ? ನಿಂತಿದ್ದರೆ ಆಚೆ ಬದಿಯ ಕಲ್ಲು ಸಿರೆಗಿಂತ ಕಿರಿಯದು. ಆ ಕಿರಿಯ ಕಲ್ಲಿನೊಳಗೆ ಸಿರೆಯ ಬೆಣಚಿನ ತುಂಡುಗಳು ತೇಲಿದಂತೆ ಸಿಕ್ಕಿಕೊಂಡಿದ್ದರೆ ಸಂಶಯ ಉಳಿಯುವುದಿಲ್ಲ. ಅಂಚಿನಲ್ಲಿ ಬೇಗ ತಣಿದು ಹರಳು ಸಣ್ಣದಾಗಿದ್ದರೆ ಅದು ಮೂರನೆಯ ಸಾಕ್ಷಿ. ಪ್ರತಿ ಸಂಪರ್ಕದ ಮುಂದೆಯೂ ‘ಸಿರೆ ದಾಟಿದೆ, ದಾಟಿಲ್ಲ, ತಿಳಿಯುತ್ತಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಯಲೇಬೇಕೆಂಬುದು ನನ್ನ ಕಟ್ಟುನಿಟ್ಟು. ಸಂಪನ್ಮೂಲದ ಲೆಕ್ಕ ಹಾಕುವಾಗ ತಾಮ್ರದ ಪ್ರಮಾಣ ಒಂದು ಗೆರೆಯಲ್ಲಿ ಶೇ 0.8ರಿಂದ 0.2ಕ್ಕೆ ಕುಸಿದರೆ ಕಾರಣ ಅಲ್ಲೇ ಸಿಗುತ್ತದೆ. ಈ ಗೆರೆಗಳಿಲ್ಲದ ಮಾದರಿಯಲ್ಲಿ ಬರಿದಾದ ಕಲ್ಲಿಗೆ ಪಕ್ಕದ ತಾಮ್ರವನ್ನು ಹಚ್ಚಿಬಿಡುತ್ತಾರೆ.

ಸಿರೆಗಳ ಹೆಸರು ಚಿಲಿಯ ಎಲ್ ಸಾಲ್ವಡೋರ್ ನಿಕ್ಷೇಪದಿಂದ ಬಂದದ್ದು. ಭೂವಿಜ್ಞಾನಿಗಳಾದ ಗುಸ್ಟಾಫ್ಸನ್ ಮತ್ತು ಹಂಟ್ 1975ರಲ್ಲಿ ಅಲ್ಲಿನ ಸಿರೆಗಳನ್ನು ಎ, ಬಿ, ಡಿ ಎಂದು ವಿಂಗಡಿಸಿದರು. ಎ ಸಿರೆ ಅಂಕುಡೊಂಕು. ಕಲ್ಲು ಇನ್ನೂ ಬಿಸಿಯಾಗಿ ಮೆದುವಾಗಿದ್ದಾಗ ಆದದ್ದು. ಸಕ್ಕರೆಯಂಥ ಕಣಕಣದ ಬೆಣಚು, ಜೊತೆಗೆ ಪೊಟ್ಯಾಷಿಯಂ ಫೆಲ್ಡ್‌ಸ್ಪಾರ್, ತಾಮ್ರದ ಸಲ್ಫೈಡುಗಳಾದ ಬೋರ್ನೈಟ್, ಚಾಲ್ಕೋಪೈರೈಟ್. ಬಿ ಸಿರೆ ನೇರ, ಉದ್ದಕ್ಕೂ ಒಂದೇ ದಪ್ಪ. ಹರಳುಗಳು ಎರಡೂ ಗೋಡೆಯಿಂದ ಒಳಮುಖವಾಗಿ ಬೆಳೆದು ನಡುವೆ ಒಂದು ಗೆರೆಯಲ್ಲಿ ಸೇರುತ್ತವೆ, ಆ ನಡುಗೆರೆಯಲ್ಲಿ ಮಾಲಿಬ್ಡಿನಮ್ ಸಲ್ಫೈಡ್ ಆದ ಮಾಲಿಬ್ಡಿನೈಟ್ ಕೂತಿರುತ್ತದೆ. ಡಿ ಸಿರೆ ಕೊನೆಯದು, ಕಬ್ಬಿಣದ ಸಲ್ಫೈಡ್ ಆದ ಪೈರೈಟಿನಿಂದ ತುಂಬಿದ್ದು. ಎರಡೂ ಪಕ್ಕಕ್ಕೆ ಸೆರಿಸೈಟ್ ಎಂಬ ಬೂದು ಬಿಳುಪಿನ ಸಣ್ಣ ಅಭ್ರಕದ ಅಂಚು. ಎ ಸಿರೆಯನ್ನು ಬಿ, ಬಿಯನ್ನು ಡಿ ಕತ್ತರಿಸಬೇಕು.

ಎಡವುವುದು ಎರಡು ಕಡೆ. ಮೊದಲನೆಯದು, ಪ್ರತಿ ಸಲ ಹೊಸ ಪಾರ್ಫಿರಿ ನುಗ್ಗಿದಾಗಲೂ ಈ ಸರಣಿ ಮತ್ತೆ ಶುರುವಾಗಬಹುದು. ಎರಡನೆಯ ಪಾರ್ಫಿರಿಯ ಎ ಸಿರೆ ಮೊದಲನೆಯದರ ಬಿ ಸಿರೆಯನ್ನು ಕತ್ತರಿಸಿದ್ದು ಕಂಡರೆ ಹೆಸರು ತಪ್ಪಿತೆಂದು ತಿದ್ದಬೇಡಿ. ಎರಡು ಸಲ ಶಿಲಾಪಾಕ ನುಗ್ಗಿದೆ ಎಂಬುದಕ್ಕೆ ಅದೇ ಪುರಾವೆ. ಎರಡನೆಯದು, ಹಳೆಯ ಬಿ ಸಿರೆಯ ನಡುಗೆರೆ ಮತ್ತೆ ಬಿರಿದು ಅದರಲ್ಲಿ ಪೈರೈಟ್ ತುಂಬಿಕೊಳ್ಳುತ್ತದೆ. ಮೇಲ್ನೋಟಕ್ಕೆ ಡಿ ಸಿರೆ. ಲೆನ್ಸ್ ಹಿಡಿದರೆ ಪೈರೈಟಿನ ಎರಡೂ ಕಡೆ ಒಳಮುಖದ ಬೆಣಚಿನ ಹಲ್ಲುಗಳು ಕಾಣುತ್ತವೆ. ನಾನು ಅದನ್ನು ಎರಡು ಸಾಲಿನಲ್ಲಿ ಬರೆಯುತ್ತೇನೆ: ಬಿ ಒಂದು, ಅದರೊಳಗೆ ಡಿ ಒಂದು.

ಕೋರಿನ ಅಕ್ಷಕ್ಕೂ ಸಿರೆಗೂ ನಡುವಿನ ಕೋನವನ್ನು ಅಳೆದರೆ ನಿಜವಾದ ದಪ್ಪ ಸಿಗುತ್ತದೆ: ಅಕ್ಷದ ಗುಂಟ 20 ಸೆಂಟಿಮೀಟರ್ ಕಂಡ ಸಿರೆ 30 ಡಿಗ್ರಿಯಲ್ಲಿದ್ದರೆ ಅದರ ದಪ್ಪ 10 ಸೆಂಟಿಮೀಟರ್. ಆದರೆ ಮೀಟರಿಗೆ ಬೆಣಚು ಶೇಕಡ ಎಷ್ಟು ಎಂದು ಲೆಕ್ಕ ಹಾಕುವಾಗ ಈ ತಿದ್ದುಪಡಿ ಮಾಡಕೂಡದು. ಅಕ್ಷದ ಗುಂಟ ಎಳೆದ ಗೆರೆಯ ಮೇಲೆ ಬೆಣಚು ಆಕ್ರಮಿಸಿದ ಉದ್ದದ ಪಾಲೇ ಗಾತ್ರದ ಪಾಲು. ಒಳ್ಳೆಯ ಲಾಗ್‌ಗಳಲ್ಲೂ ಈ ತಪ್ಪು ಕಂಡಿದ್ದೇನೆ, ಬೆಣಚಿನ ಪ್ರಮಾಣ ಅರ್ಧಕ್ಕಿಳಿದಿರುತ್ತದೆ. ಒಂದು ದಿಕ್ಕಿನ ಸಿರೆಗಳಿಗೆ ಸಮಾನಾಂತರವಾಗಿ ಬೋರ್ ಇಳಿದಿದ್ದರೆ ಅವು ಲಾಗಿನಲ್ಲಿ ಬಹುತೇಕ ಕಾಣುವುದೇ ಇಲ್ಲ. ಆ ಅನುಮಾನ ಬಂದಲ್ಲಿ ಅಡ್ಡ ದಿಕ್ಕಿನ ಒಂದು ಬೋರ್ ಕೇಳುವುದೇ ಸರಿ.

ಶಿಲಾವ್ಯತ್ಯಯದ, ಅಂದರೆ ಬಿಸಿ ದ್ರವ ಕಲ್ಲಿನ ಖನಿಜಗಳನ್ನು ಬದಲಿಸಿದ, ವಲಯಗಳಿಗೆ ಬರೋಣ. ಭೂವಿಜ್ಞಾನಿಗಳಾದ ಲೋವೆಲ್ ಮತ್ತು ಗಿಲ್ಬರ್ಟ್ 1970ರಲ್ಲಿ ಅರಿಜೋನಾದ ಸ್ಯಾನ್ ಮ್ಯಾನುಯೆಲ್–ಕಲಮಝೂ ನಿಕ್ಷೇಪದ ಮೇಲೆ ಕೊಟ್ಟ ಚಿತ್ರ ಇವತ್ತಿಗೂ ನಡೆಯುತ್ತದೆ: ನಡುವೆ ಪೊಟ್ಯಾಸಿಕ್ (ಪೊಟ್ಯಾಷಿಯಂ ಖನಿಜಗಳು ಬೆಳೆದದ್ದು), ಅದರ ಸುತ್ತ ಸೆರಿಸೈಟ್, ಹೊರಗೆ ಪ್ರೊಪಿಲಿಟಿಕ್ (ಕ್ಲೋರೈಟ್, ಎಪಿಡೋಟಿನಂಥ ಹಸಿರು ಖನಿಜಗಳದ್ದು). ಕಲಮಝೂ ಸಿಕ್ಕಿದ್ದೇ ಈ ತರ್ಕದಿಂದ. ಸ್ಯಾನ್ ಮ್ಯಾನುಯೆಲ್‌ನ ವಲಯಗಳು ಅರ್ಧಕ್ಕೇ ನಿಂತಿದ್ದವು, ಸ್ತರಭಂಗ ಅವನ್ನು ಕತ್ತರಿಸಿತ್ತು, ಉಳಿದ ಅರ್ಧ ಎಲ್ಲೋ ಇರಲೇಬೇಕಿತ್ತು. ಲಾಗಿನಲ್ಲಿ ನಾನು ವಲಯದ ಹೆಸರು ಬರೆಯುವುದಿಲ್ಲ, ಖನಿಜದ ಹೆಸರು ಬರೆಯುತ್ತೇನೆ. ವಲಯಗಳನ್ನು ಆಮೇಲೆ ಅಡ್ಡಕೊಯ್ತದ ಮೇಲೆ ಗುರುತಿಸಬಹುದು.

ಇದಕ್ಕೆ ಕಾರಣ ಹಸಿರು ಬಣ್ಣ. ಹಸಿರು ಕಂಡ ಕೂಡಲೇ ಪ್ರೊಪಿಲಿಟಿಕ್ ಎಂದು ಬರೆಯುವ ಅಭ್ಯಾಸ ಬಹಳ ಹಾನಿ ಮಾಡುತ್ತದೆ. ಅದಿರಿನ ನಡುಭಾಗದಲ್ಲಿ ಹಾರ್ನ್‌ಬ್ಲೆಂಡಿನ ಜಾಗದಲ್ಲಿ ಚೂರುಚೂರಾದ, ಸಣ್ಣ ಹರಳಿನ ಕಂದು ಅಭ್ರಕವಾದ ಬಯೊಟೈಟ್ ಬೆಳೆದಿರುತ್ತದೆ. ಇದು ಪೊಟ್ಯಾಸಿಕ್ ವಲಯದ ಖಚಿತ ಗುರುತು. ನಂತರ ಬಂದ ತಣ್ಣನೆಯ ದ್ರವ ಅದನ್ನು ಕ್ಲೋರೈಟ್ ಮಾಡಿ ಹಸಿರಾಗಿಸುತ್ತದೆ. ಹೊರಗಿನ ಪ್ರೊಪಿಲಿಟಿಕ್ ವಲಯದಲ್ಲೂ ಕ್ಲೋರೈಟ್ ಇದೆ, ಆದರೆ ಅಲ್ಲಿ ಎಪಿಡೋಟ್ ಮತ್ತು ಕ್ಯಾಲ್ಸೈಟ್ ಜೊತೆಗಿರುತ್ತವೆ, ಬೆಣಚಿನ ಸಿರೆ ವಿರಳ, ಸಲ್ಫೈಡ್ ಎಂದರೆ ಪೈರೈಟ್. ನಡುವಿನ ಹಸಿರಿನಲ್ಲಿ ಎ ಸಿರೆಗಳು ದಟ್ಟವಾಗಿರುತ್ತವೆ, ಕ್ಲೋರೈಟಿನ ಗುಚ್ಛಗಳಲ್ಲಿ ಚಾಲ್ಕೋಪೈರೈಟ್ ಇರುತ್ತದೆ, ಲೆನ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಕಂದು ಬಯೊಟೈಟ್ ಉಳಿದಿರುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದರೆ ಅದಿರಿನ ಎದೆಯ ಮೇಲೆ ನಿಂತು ಅಂಚಿನಲ್ಲಿದ್ದೇವೆಂದು ತೀರ್ಮಾನಿಸಿ ಬೋರನ್ನು ಬೇರೆ ಕಡೆ ತಿರುಗಿಸುತ್ತಾರೆ.

ಸೆರಿಸೈಟ್ ಮತ್ತು ಜೇಡಿಖನಿಜಗಳನ್ನು ಕಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಇದಕ್ಕೆ ಅತಿಗೆಂಪು ಸ್ಪೆಕ್ಟ್ರೋಮೀಟರ್ ಒಳ್ಳೆಯದು. ಕೋರ್ ಪೂರ್ತಿ ಒಣಗಿರಬೇಕು, ತೇವ ಇದ್ದರೆ ನೀರಿನ ಗುರುತೇ ಎಲ್ಲವನ್ನೂ ಮುಚ್ಚುತ್ತದೆ. ಸೆರಿಸೈಟ್ ಬಂದಲ್ಲಿ ಮ್ಯಾಗ್ನಟೈಟ್ ನಾಶವಾಗುವುದರಿಂದ ಕಾಂತಗ್ರಾಹ್ಯತೆ ಬಿದ್ದುಹೋಗುತ್ತದೆ. ಎರಡೂ ಅಂಕಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಲಾಗಿನ ತಪ್ಪು ಎದ್ದು ಕಾಣುತ್ತದೆ.

ಸಲ್ಫೈಡುಗಳ ಅಂದಾಜಿನಲ್ಲಿ ಕಣ್ಣು ಹೆಚ್ಚು ಹೇಳುತ್ತದೆ. ಹೊಳೆಯುವ ಚುಕ್ಕೆ ಶೇ 1 ಇದ್ದರೆ 3 ಎನ್ನಿಸುತ್ತದೆ. ಶೇಕಡಾವಾರು ಚುಕ್ಕೆಗಳ ನಕ್ಷೆಯ ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಚಾಲ್ಕೋಪೈರೈಟಿನಲ್ಲಿ ತಾಮ್ರ ತೂಕದ ಶೇ 34.6, ಬೋರ್ನೈಟಿನಲ್ಲಿ ಶೇ 63.3. ಸಾಂದ್ರತೆಯ ವ್ಯತ್ಯಾಸ ಸೇರಿಸಿದರೆ ಕಲ್ಲಿನ ಗಾತ್ರದಲ್ಲಿ ಶೇ 1 ಚಾಲ್ಕೋಪೈರೈಟ್ ಇದ್ದಾಗ ತಾಮ್ರ ಸುಮಾರು ಶೇ 0.55, ಶೇ 1 ಬೋರ್ನೈಟ್ ಇದ್ದಾಗ ಸುಮಾರು ಶೇ 1.2. ಗೀರುಮೊನೆ ಚಾಲ್ಕೋಪೈರೈಟನ್ನು ಗೀರುತ್ತದೆ, ಪೈರೈಟನ್ನು ಗೀರುವುದಿಲ್ಲ. ಮೇಲಿನ ವಲಯದಲ್ಲಿ ಮಳೆನೀರು ಇಳಿಸಿದ ತಾಮ್ರ ಪೈರೈಟಿನ ಮೇಲೆ ಮಸಿಯಂಥ ಚಾಲ್ಕೋಸೈಟ್ ಪೊರೆಯಾಗಿ ಕೂತಿರುತ್ತದೆ. ಕೋರ್ ತೊಳೆಯುವ ಜೋರು ನೀರಿಗೆ ಅದು ಹೋಗಿಬಿಡುತ್ತದೆ. ಅಲ್ಲಿ ಮೆಲ್ಲಗೆ ತೊಳೆಯಬೇಕು.

ನಾನು ಬಹಳ ನೆಚ್ಚುವ ಅಂಕಣ ಚಾಲ್ಕೋಪೈರೈಟಿಗೂ ಪೈರೈಟಿಗೂ ಇರುವ ಅನುಪಾತ. ಪೈರೈಟ್ ಹೆಚ್ಚಿರುವುದು ತಾಮ್ರದ ಹೊರಸುತ್ತಿನಲ್ಲಿ. ನೆಲಕ್ಕೆ ವಿದ್ಯುತ್ ಹಾಯಿಸಿ ಸಲ್ಫೈಡ್ ಹುಡುಕುವ ಪ್ರೇರಿತ ಧ್ರುವೀಕರಣದ ಸಮೀಕ್ಷೆಯ ನಕ್ಷೆಯಲ್ಲಿ ಕೆಂಪಗೆ ಹೊಳೆಯುವುದು ಬಹಳ ಸಲ ಈ ಪೈರೈಟ್ ಚಿಪ್ಪೇ. ಅದರ ನಡುವಿಗೇ ಬೋರ್ ಹಾಕಿದರೆ ಶೇ 5 ಪೈರೈಟ್, ಶೇ 0.1 ತಾಮ್ರ. ಅನುಪಾತ ಯಾವ ಕಡೆ ಏರುತ್ತದೋ, ಬೋರ್ನೈಟ್ ಯಾವ ಕಡೆ ಕಾಣತೊಡಗುತ್ತದೋ ಆ ಕಡೆ ಹೋಗಬೇಕು.

ಆಳದಲ್ಲಿ ಕೋರ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಉದ್ದುದ್ದ ತುಂಡುಗಳಾಗಿ ಬರತೊಡಗಿದರೆ ಅಲ್ಲಿ ಬಿರುಕುಗಳನ್ನು ತುಂಬಿದ ಅನ್‌ಹೈಡ್ರೈಟ್ (ನೀರಿಲ್ಲದ ಕ್ಯಾಲ್ಸಿಯಂ ಸಲ್ಫೇಟ್) ಇನ್ನೂ ಕರಗಿಲ್ಲ ಎಂದರ್ಥ. ಅದಕ್ಕಿಂತ ಮೇಲೆ ಅಂತರ್ಜಲ ಅದನ್ನು ಜಿಪ್ಸಮ್ ಮಾಡಿ ತೊಳೆದು ಬಿರುಕುಗಳನ್ನು ಖಾಲಿ ಮಾಡಿರುತ್ತದೆ. ಆ ಮಟ್ಟವನ್ನು ತಪ್ಪದೆ ಗುರುತಿಸಿ. ಗಣಿಯ ಗೋಡೆಯ ಇಳಿಜಾರು ಲೆಕ್ಕ ಹಾಕುವವರಿಗೆ ಅದು ತಾಮ್ರಕ್ಕಿಂತ ಮುಖ್ಯ.

ಪಾರ್ಫಿರಿ ಸುಣ್ಣಕಲ್ಲಿಗೆ ತಾಗಿದರೆ ಆಟವೇ ಬೇರೆ, ಅಲ್ಲಿ ಸುಣ್ಣಕಲ್ಲು ಬದಲಾಗಿ ಸ್ಕಾರ್ನ್ ಎಂಬ ಕಲ್ಲು ಆಗುತ್ತದೆ. ಹತ್ತಿರದಲ್ಲಿ ಗಾರ್ನೆಟ್, ದೂರದಲ್ಲಿ ಪೈರಾಕ್ಸಿನ್, ಅಮೃತಶಿಲೆಯ ಅಂಚಿನಲ್ಲಿ ವೊಲಾಸ್ಟೊನೈಟ್. ತಾಮ್ರದ ಸ್ಕಾರ್ನಿನಲ್ಲಿ ಗಾರ್ನೆಟ್ಟಿನ ಬಣ್ಣ ಗಾಢ ಕೆಂಗಂದಿನಿಂದ ದೂರ ಹೋದಂತೆ ಹಳದಿ ಹಸಿರಿಗೆ ತಿರುಗುತ್ತದೆ. ವೊಲಾಸ್ಟೊನೈಟ್ ಮತ್ತು ಅಮೃತಶಿಲೆ ಎರಡೂ ಬಿಳಿ: ಆಮ್ಲದ ಹನಿಗೆ ಅಮೃತಶಿಲೆ ನೊರೆಯುತ್ತದೆ, ವೊಲಾಸ್ಟೊನೈಟ್ ನೊರೆಯುವುದಿಲ್ಲ. ಗಾರ್ನೆಟ್ ಎಷ್ಟೇ ದಪ್ಪವಾಗಿದ್ದರೂ ಸಂತೋಷಪಡುವ ಮೊದಲು ಅದನ್ನು ಎಪಿಡೋಟ್, ಆಕ್ಟಿನೊಲೈಟ್, ಕ್ಲೋರೈಟ್ ತಿಂದಿವೆಯೇ ಎಂದು ನೋಡುತ್ತೇನೆ. ಸಲ್ಫೈಡ್ ಬಹುಪಾಲು ಆ ತಡವಾದ ಹಂತದ ಜೊತೆ ಬರುತ್ತದೆ. ಟಂಗ್‌ಸ್ಟನ್ ಇರಬಹುದಾದ ಕಡೆ ಕತ್ತಲಲ್ಲಿ 254 ನ್ಯಾನೊಮೀಟರ್‌ನ ನೇರಳಾತೀತ ದೀಪ ಹಿಡಿದರೆ ಶೀಲೈಟ್ ನೀಲಿ ಬಿಳುಪಾಗಿ ಬೆಳಗುತ್ತದೆ. ಬೆಳಕು ಹಳದಿಗೆ ತಿರುಗಿದ್ದರೆ ಅದರಲ್ಲಿ ಮಾಲಿಬ್ಡಿನಮ್ ಸೇರಿದೆ.

ಕೊನೆಗೆ ಮಾದರಿ. ಕೊಯ್ಯುವ ಗೆರೆಯನ್ನು ಪ್ರಧಾನ ಸಿರೆಗಳು ಎರಡೂ ಅರ್ಧಕ್ಕೆ ಸಮನಾಗಿ ಹಂಚಿಕೆಯಾಗುವಂತೆ ನಾನೇ ಎಳೆಯುತ್ತೇನೆ, ಯಾವಾಗಲೂ ಒಂದೇ ಬದಿಯ ಅರ್ಧ ಚೀಲಕ್ಕೆ ಹೋಗುತ್ತದೆ. ಎಚ್‌ಕ್ಯೂ ಕೋರಿನ 2 ಮೀಟರಿನ ಅರ್ಧ ಸುಮಾರು 8 ಕಿಲೋ ತೂಗಬೇಕು. 5 ಕಿಲೋ ಬಂದರೆ ಏನೋ ಉದುರಿದೆ. ಮಾದರಿ ಎಂದೂ ಶಿಲಾಸಂಪರ್ಕವನ್ನು ದಾಟಬಾರದು. ಬಿರುಕುಗಳ ಮೇಲೆ ಮಾಲಿಬ್ಡಿನೈಟ್ ಬಳಿದಂತಿದ್ದರೆ ಗರಗಸದ ನೀರಿಗೆ ಅದು ತೊಳೆದುಹೋಗುತ್ತದೆ, ಅಲ್ಲಿ ಒತ್ತಿ ಸೀಳುವ ಯಂತ್ರ ಬಳಸುತ್ತೇನೆ. ಇಪ್ಪತ್ತು ಮಾದರಿಗೆ ಒಂದರಂತೆ ಪ್ರಮಾಣಿತ ಪುಡಿ (ತಾಮ್ರ ಎಷ್ಟೆಂದು ಮೊದಲೇ ಗೊತ್ತಿರುವುದು), ತಾಮ್ರವಿಲ್ಲದ ಒಂದು ಬರಿಗಲ್ಲು, ಒಂದು ಜೋಡಿ ಮಾದರಿ. ಬರಿಗಲ್ಲನ್ನು ಲೆಕ್ಕದ ಜಾಗದಲ್ಲಿ ಹಾಕುವುದಕ್ಕಿಂತ ಬೋರ್ನೈಟ್ ದಟ್ಟವಾಗಿರುವ ಮಾದರಿಯ ಬೆನ್ನಿಗೇ ಹಾಕುತ್ತೇನೆ, ಪುಡಿ ಮಾಡುವ ಯಂತ್ರದಲ್ಲಿ ಹಿಂದಿನ ಮಾದರಿ ಉಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಫಲಿತಾಂಶ ಬರಲು ವಾರಗಳೇ ಆಗುತ್ತವೆ, ಅಷ್ಟರೊಳಗೆ ಅಡ್ಡಕೊಯ್ತವನ್ನು 1:1000 ಅಳತೆಯಲ್ಲಿ ಕೈಯಿಂದಲೇ ಬಿಡಿಸುತ್ತೇನೆ: ಸಂಪರ್ಕಗಳು, ಬೆಣಚಿನ ಪ್ರಮಾಣ, ಪೈರೈಟ್ ಅನುಪಾತ, ಬಯೊಟೈಟ್ ಉಳಿದ ಜಾಗಗಳು. ತಾಮ್ರದ ಅಂಕಿಗಳು ಬಂದಾಗ ಅವುಗಳನ್ನು ಆ ಗೆರೆಗಳ ಮೇಲೆ ಬರೆಯುತ್ತೇನೆ. ಅಂಕಿಗಳು ಗೆರೆಗಳ ಜೊತೆ ಕೂಡದ ಪ್ರತಿ ಜಾಗದಲ್ಲೂ ಆ ಪೆಟ್ಟಿಗೆಯನ್ನು ಮತ್ತೆ ತೆರೆದು, ಒದ್ದೆ ಮಾಡಿ, ಲೆನ್ಸ್ ಹಿಡಿಯುತ್ತೇನೆ.