ಶಾಲೆಯಲ್ಲೊಂದು ಕೈತೋಟ: ಮೊದಲು ಅಡುಗೆಯವರನ್ನು ಕೇಳಿ

ಶಾಲೆಯ ಕೈತೋಟ ಒಂದು ವರ್ಷ ಚೆನ್ನಾಗಿದ್ದು ಮರುವರ್ಷ ಹುಲ್ಲು ಬೆಳೆಯುವುದನ್ನು ಹಾಸನ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ನೋಡಿರುತ್ತೀರಿ. ಅಲ್ಲಿ ಬೆಳೆದದ್ದು ಮಕ್ಕಳ ತಟ್ಟೆಗೆ ಬಂದರೆ ತೋಟ ಉಳಿಯುತ್ತದೆ. ಬರದಿದ್ದರೆ ಅದು ಮೇಷ್ಟ್ರಿಗೆ ಇನ್ನೊಂದು ಕೆಲಸ, ಅಷ್ಟೆ. ಹಾಗಾಗಿ ಗುದ್ದಲಿ ಹಿಡಿಯುವ ಮೊದಲು ಬಿಸಿಯೂಟದ ಅಡುಗೆಮನೆಗೆ ಹೋಗಿ ಕೂತು ಮಾತಾಡಿ. "ಅಕ್ಕಾ, ಯಾವ ಸೊಪ್ಪು ಹಾಕಿದ್ರೆ ಮಕ್ಕಳು ತಿಂತಾರೆ? ಯಾವುದನ್ನ ತಟ್ಟೆ ಅಂಚಿಗೆ ತಳ್ತಾರೆ?" ಇದಕ್ಕೆ ಅವರಷ್ಟು ಸರಿಯಾದ ಉತ್ತರ ಕೊಡುವವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ.

ಲೆಕ್ಕ ಹಾಕಿ, ಮಕ್ಕಳ ಕೈಲೇ ಹಾಕಿಸಿ

ಬಿಸಿಯೂಟದ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಶಾಲೆಯಲ್ಲಿ 40 ಮಕ್ಕಳಿದ್ದರೆ ದಿನಕ್ಕೆ 2 ಕೆ.ಜಿ. ತರಕಾರಿ ಬೇಕು. ನಾಲ್ಕು ಮಡಿಯ ತೋಟದಿಂದ ಅಷ್ಟು ದಿನಾ ಸಿಗುವುದಿಲ್ಲ. ವಾರಕ್ಕೊಂದು ದಿನದ ಸೊಪ್ಪು, ಒಗ್ಗರಣೆಗೆ ಕರಿಬೇವು, ಮೇಲೆ ಉದುರಿಸಲು ಕೊತ್ತಂಬರಿ. ಇಷ್ಟು ಗುರಿ ಇಟ್ಟುಕೊಂಡರೆ ಸಾಕು. ನಾಲ್ಕು, ಐದನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು.

ಮಳೆ ನೋಡಿ ಮಡಿ ಮಾಡಿ

ನಮ್ಮ ಎರಡೂ ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜುಲೈ, ಆಗಸ್ಟ್‌ನಲ್ಲಿ ಸೊಪ್ಪಿನ ಬೀಜ ಹಾಕಿದರೆ ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಮಳೆ ಸ್ವಲ್ಪ ಕಡಿಮೆಯಾದ ಮೇಲೆ, ಸೆಪ್ಟೆಂಬರ್‌ನಲ್ಲಿ ಶುರು ಮಾಡಿ. ಮಡಿ ನೆಲದಿಂದ ಒಂದಡಿ ಎತ್ತರ ಇರಲಿ, ಸುತ್ತ ನೀರು ಹರಿದುಹೋಗಲು ಕಾಲುವೆ ಇರಲಿ. ಅರಸೀಕೆರೆ, ಕಡೂರು ಕಡೆ ಇದಕ್ಕೆ ತಿರುಗುಮುರುಗು. ಅಲ್ಲಿ ಮಡಿ ತಗ್ಗಾಗಿರಬೇಕು, ಬುಡಕ್ಕೆ ತರಗೆಲೆ ಮುಚ್ಚಿ ತೇವ ಉಳಿಸಬೇಕು. ಜೂನ್‌ನಲ್ಲೇ ಬಿತ್ತಬಹುದು.

ಮಡಿಯ ಅಗಲ ಎರಡೂವರೆ ಅಡಿ ದಾಟಬಾರದು. ದೊಡ್ಡವರ ಅಳತೆಗೆ ಮಾಡಿದರೆ ಚಿಕ್ಕ ಮಕ್ಕಳ ಕೈ ನಡುವಿನವರೆಗೆ ಎಟುಕುವುದಿಲ್ಲ, ಮಡಿ ಮೇಲೇ ಕಾಲಿಡುತ್ತಾರೆ. ಉದ್ದ ಹತ್ತಡಿ ಇರಲಿ. ಒಂದು ಮಡಿಗೆ ಮೂರು ನಾಲ್ಕು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ. ದನ, ಕೋಳಿ ನುಗ್ಗದ ಹಾಗೆ ಬೇಲಿ ಮೊದಲೇ ಆಗಬೇಕು. ಬೇಲಿ ಕೆಲಸಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಪೋಷಕರನ್ನೂ ಒಂದು ದಿನ ಕರೆಯಿರಿ.

ಏನು ಹಾಕುವುದು?

ಬೇಗ ಬರುವುದನ್ನು ಮೊದಲು ಹಾಕಿ. ಮೂಲಂಗಿ ನಾಲ್ಕೈದು ದಿನಕ್ಕೆ ಮೊಳಕೆ ತೋರಿಸುತ್ತದೆ. ಮೆಂತ್ಯ ಸೊಪ್ಪು, ದಂಟಿನ ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತವೆ. ಆರೇಳು ವರ್ಷದ ಮಗುವಿಗೆ ಇದಕ್ಕಿಂತ ಜಾಸ್ತಿ ಕಾಯುವ ತಾಳ್ಮೆ ಇರುವುದಿಲ್ಲ, ಅಲ್ವಾ? ಆಮೇಲೆ ಬೆಂಡೆ, ಬದನೆ, ಬೇಲಿ ಮೇಲೆ ಹಬ್ಬಲು ಹೀರೆ, ಅವರೆ. ಆಲೂಗಡ್ಡೆ ಹಾಸನದ ಹೊಲಗಳಲ್ಲೇ ಬೆಳೆಯುತ್ತದೆ, ಶಾಲೆಯ ಸಣ್ಣ ಜಾಗವನ್ನು ಸೊಪ್ಪಿಗೆ ಬಿಡಿ.

ಅಂಚಿನಲ್ಲಿ ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಗಳಿರಲಿ. ಬಯಲುಸೀಮೆಗೆ ನುಗ್ಗೆಯಂಥದ್ದು ಇನ್ನೊಂದಿಲ್ಲ. ಬುಡದಲ್ಲಿ ನೀರು ನಿಂತರೆ ಮಾತ್ರ ಸಾಯುತ್ತದೆ. ಮಲೆನಾಡಿಗೆ ಬಸಳೆ, ಚಕ್ರಮುನಿ, ದೊಡ್ಡಪತ್ರೆ, ಒಂದೆಲಗ. ಬಾಳೆ ಎಲ್ಲ ಕಡೆಯೂ ಬರುತ್ತದೆ. ಆದರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯಲ್ಲಿ ಆನೆ ಓಡಾಡುವ ಊರುಗಳ ಶಾಲೆಯಾದರೆ ದಯವಿಟ್ಟು ಬಾಳೆ ನೆಡಬೇಡಿ. ಬಾಳೆಯ ಆಸೆಗೆ ಆನೆ ಶಾಲೆ ಅಂಗಳಕ್ಕೇ ಬರಬಹುದು.

ಬಿತ್ತುವ ದಿನ

ಒಂದರಿಂದ ಮೂರನೇ ತರಗತಿಯ ನಲಿ–ಕಲಿ ಮಕ್ಕಳಿಗೆ ದೊಡ್ಡ ಬೀಜ ಕೊಡಿ: ಅವರೆ, ಕುಂಬಳ, ಹೀರೆ. ಬೆರಳಿನ ಒಂದು ಗೆಣ್ಣಿನಷ್ಟು ಆಳ ಅಂತ ತೋರಿಸಿದರೆ ಅವರಿಗೆ ಅರ್ಥವಾಗುತ್ತದೆ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಸುಮ್ನೆ ಎರಚಿದರೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಮತ್ತು ಸ್ವಲ್ಪ ರವೆ ಬೆರೆಸಿ. ಮರಳಿನಿಂದ ಬೀಜ ಸಮನಾಗಿ ಹರಡುತ್ತದೆ. ಇರುವೆಗಳು ರವೆ ಹೊತ್ತುಕೊಂಡು ಹೋಗುತ್ತವೆ, ಬೀಜ ಉಳಿಯುತ್ತದೆ. ಆ ಇರುವೆ ಸಾಲು ನೋಡಲು ಮಕ್ಕಳು ಮುತ್ತಿಕೊಂಡರೆ ಬಿಟ್ಟುಬಿಡಿ, ಅದೂ ಪಾಠವೇ.

ನೀರಿಗೆ ಅಕ್ಕಿ, ತರಕಾರಿ ತೊಳೆದ ನೀರು ಒಳ್ಳೆಯದು. ಸೋಪು ಹಾಕಿ ತಟ್ಟೆ ತೊಳೆದ ನೀರು ಸೊಪ್ಪಿನ ಮಡಿಗೆ ಬೇಡ. ಗಿಡಕ್ಕೆ ಹೇನು ಹತ್ತಿದ್ದು ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪು ಕಲಸಿ ದೊಡ್ಡವರೇ ಸಿಂಪಡಿಸಲಿ. ಕಾಫಿ ತೋಟದ ಔಷಧಿ ಕ್ಯಾನು, ಡಬ್ಬಿಗಳನ್ನು ಎಷ್ಟೇ ತೊಳೆದಿದ್ದರೂ ನೀರು ಹಾಕಲು ತರಬಾರದು. ಈ ಮಾತಿನಲ್ಲಿ ರಾಜಿ ಬೇಡವೇ ಬೇಡ.

ತಿನ್ನುವ ಪಾಠ

ತೋಟ ಮಾಡಿದ್ದೇ ಇದಕ್ಕಾಗಿ. ಆದರೆ ಹೆಚ್ಚಿನ ಕಡೆ ಈ ಪಾಠವೇ ನಡೆಯುವುದಿಲ್ಲ. ಸೊಪ್ಪು ಕಿತ್ತ ದಿನ ಮಕ್ಕಳೇ ಬಿಡಿಸಲಿ, ಮೂರು ಸಲ ನೀರು ಬದಲಿಸಿ ತೊಳೆಯಲಿ. ಮೊದಲ ಪಾತ್ರೆಯ ತಳದಲ್ಲಿ ಕೂತ ಮಣ್ಣು ನೋಡಿದ ಮಗುವಿಗೆ ಯಾಕೆ ತೊಳೆಯಬೇಕು ಅಂತ ಭಾಷಣ ಬೇಕಾಗುವುದಿಲ್ಲ. ತೋಟದಿಂದ ಬಂದ ಕೈಗಳನ್ನೂ ಸೋಪು ಹಾಕಿ ತೊಳೆಸಿ.

ಒಂದೇ ಸೊಪ್ಪನ್ನು ಎರಡು ರೀತಿ ಮಾಡಿಸಿ. ಒಂದು ವಾರ ದಂಟಿನ ಸೊಪ್ಪಿನ ಪಲ್ಯ, ಇನ್ನೊಂದು ವಾರ ಅದೇ ಸೊಪ್ಪಿನ ಬಸ್ಸಾರು. ಮಲೆನಾಡಿನಲ್ಲಾದರೆ ದೊಡ್ಡಪತ್ರೆ ತಂಬುಳಿ. ಪಲ್ಯ ದೂರ ತಳ್ಳಿದ ಮಗು ಬಸ್ಸಾರು ಎರಡು ಸಲ ಹಾಕಿಸಿಕೊಳ್ಳಬಹುದು. ಬಲವಂತ ಬೇಡ. ಒಂದು ಚಮಚ ರುಚಿ ನೋಡಿದರೆ ಸಾಕು, ಬೇಡ ಅನ್ನಿಸಿದರೆ ಬಿಡಬಹುದು ಅನ್ನುವುದೇ ನಿಯಮ. ಮುಂದಿನ ವಾರ ಮತ್ತೆ ಒಂದು ಚಮಚ. ಎಷ್ಟೋ ಮಕ್ಕಳಿಗೆ ಹೊಸ ರುಚಿ ಹಿಡಿಸಲು ಹಲವು ಸಲ ಬೇಕಾಗುತ್ತದೆ. ಎದುರಿಗೆ ಕೂತು ಮೇಷ್ಟ್ರು, ಟೀಚರ್ ಕೂಡ ಅದನ್ನೇ ಉಣ್ಣಬೇಕು.

ಊಟದ ಜೊತೆಯಲ್ಲೇ ಎರಡು ಮಾತು ಹೇಳಿ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ನಿಂಬೆರಸ ಹಿಂಡಿಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಎ ಜೀವಸತ್ವಕ್ಕೆ ಒಗ್ಗರಣೆಯ ಎಣ್ಣೆ ಬೇಕು. ಇನ್ನೊಂದು ಎಚ್ಚರಿಕೆಯೂ ಇರಲಿ. ಕೆಸುವಿನ ಎಲೆ ಹಸಿಯಾಗಿ ಬಾಯಿಗಿಟ್ಟರೆ ಗಂಟಲು ತುರಿಸುತ್ತದೆ, ಹುಣಸೆ ಹಾಕಿ ಚೆನ್ನಾಗಿ ಬೇಯಿಸಲೇಬೇಕು. ಮಳೆಗಾಲದ ಅಣಬೆ, ಗುರುತಿಲ್ಲದ ಕಾಯಿ ಮುಟ್ಟುವ ಮೊದಲು ದೊಡ್ಡವರನ್ನು ಕೇಳುವ ಅಭ್ಯಾಸ ಈ ತೋಟದಲ್ಲೇ ಆಗಲಿ.

ರಜೆ ಬಂದಾಗ

ದಸರಾ ರಜೆಗೆ ಶಾಲೆ ಹತ್ತಿರದ ಮನೆಯ ಮಕ್ಕಳಿಗೆ ನೀರಿನ ಪಾಳಿ ಹಂಚಿ, ಪಟ್ಟಿ ಗೋಡೆಗೆ ಅಂಟಿಸಿ. ಆ ದಿನಗಳಲ್ಲಿ ಬಂದ ಕಾಯಿಪಲ್ಲೆ ನೀರು ಹಾಕಿದವರ ಮನೆಗೇ ಹೋಗಲಿ. ಬೇಸಿಗೆ ರಜೆಯಲ್ಲಿ ಮಡಿಗಳಿಗೆ ತರಗೆಲೆ ಮುಚ್ಚಿ ಬಿಟ್ಟುಬಿಡಿ, ನುಗ್ಗೆ, ಕರಿಬೇವಿನ ಬುಡ ಮಾತ್ರ ನೋಡಿಕೊಂಡರಾಯಿತು. ಅದಕ್ಕೂ ಮೊದಲು ಎರಡು ದಂಟಿನ ಗಿಡ ಕೀಳದೆ ಬಿಡಿ. ತೆನೆ ಒಣಗಿದ ಮೇಲೆ ಬಟ್ಟೆ ಹಾಸಿ ಉಜ್ಜಿ, ತೂರಿ, ಬೀಜಕ್ಕೆ ಬೂದಿ ಬೆರೆಸಿ ಬಾಟಲಿಗೆ ತುಂಬಿ, ಮೇಲೆ ತಿಂಗಳು, ವರ್ಷ ಬರೆದು ಅಡುಗೆಮನೆಯ ಗೂಡಿನಲ್ಲಿಡಿ. ಒಂದೊಂದು ಚಿಟಿಕೆ ಪೊಟ್ಟಣ ಕಟ್ಟಿ ಮಕ್ಕಳ ಕೈಲಿ ಮನೆಗೂ ಕಳಿಸಿ.